ನಡುಕ ತಡೆಯುವ ಮ್ಯಾಕ್ರೋ ಲೆನ್ಸ್: ಮೂರು ವರ್ಷ ಬಳಸಿದ ಮೇಲೆ

ತೀರಾ ಹತ್ತಿರದಿಂದ ಸಣ್ಣ ವಸ್ತುಗಳ ಫೋಟೋ ತೆಗೆಯುವ ಈ 100 ಎಂಎಂ ಮ್ಯಾಕ್ರೋ ಲೆನ್ಸ್ ಕೊಂಡಿದ್ದು ಒಂದೇ ಆಸೆಗೆ. ಕೈನಡುಕ ತಡೆಯುತ್ತದೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು. ಟ್ರೈಪಾಡ್ ಹೊತ್ತು ಚಿಟ್ಟೆ ಹಿಂದೆ ಓಡಾಡುವುದು ನನ್ನ ಕೈಲಾಗದು. ಮೂರನೇ ಕಾಲು ಬಿಚ್ಚುವಷ್ಟರಲ್ಲಿ ಅದು ಆಚೆ ಗಿಡದಲ್ಲಿರುತ್ತದೆ. ಹಾಗಾಗಿ ನಡುಕ ತಡೆಯಿಲ್ಲದ ಹಳೇ ಮಾದರಿ ಅಗ್ಗಕ್ಕೆ ಸಿಗುತ್ತಿದ್ದರೂ ಜಾಸ್ತಿ ದುಡ್ಡು ಕೊಟ್ಟು ಇದನ್ನೇ ತಂದೆ.

ಮೊದಲ ತಿಂಗಳು ಖುಷಿಯೋ ಖುಷಿ. ಒಂದು ಮೀಟರ್ ದೂರದಿಂದ ತೆಗೆದ ಹೂವೆಲ್ಲ ಚೂಪಾಗಿ ಬಂತು. ಚಿಟ್ಟೆಯ ಮುಖದ ಹತ್ತಿರ ಹೋದಾಗಲೇ ಬಂಡವಾಳ ಬಯಲಾಗಿದ್ದು. ನೂರು ಫೋಟೋದಲ್ಲಿ ತೊಂಬತ್ತು ಮಸುಕು.

ಕಾರಣ ಗೊತ್ತಾಗಲು ತಿಂಗಳುಗಟ್ಟಲೆ ಬೇಕಾಯಿತು. ದೊಡ್ಡ ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, ಒಂದಕ್ಕೆ ಒಂದು ಅಳತೆಯಲ್ಲಿ, ಅಂದರೆ ಬಿಂಬ ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರದಲ್ಲಿ, ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 8 ಇಟ್ಟರೂ ಚೂಪಾಗಿ ಕಾಣುವ ಪದರ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಕ್ಯಾಮೆರಾ ಅಕ್ಕಪಕ್ಕ, ಮೇಲೆ ಕೆಳಗೆ ಓಲಾಡಿದರೆ ಈ ಲೆನ್ಸ್ ಸರಿಮಾಡುತ್ತದೆ, ನಿಜ. ಆದರೆ ಉಸಿರೆಳೆದಾಗ ಮೈ ಹಿಂದೆ ಮುಂದೆ ತೂಗುತ್ತದಲ್ಲ, ಅದಕ್ಕೆ ಇದರಲ್ಲಿ ಮದ್ದಿಲ್ಲ. ಒಂದು ಉಸಿರಿಗೆ ಕಣ್ಣಿನ ಮೇಲಿದ್ದ ಫೋಕಸ್ ಎದೆಯ ರೋಮಕ್ಕೆ ಜಾರುತ್ತದೆ. ಇನ್ನು ಆಟೋಫೋಕಸ್ ಕಥೆ ಬೇರೆ. ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಗಿರಗಿರ ತಿರುಗುತ್ತಲೇ ಇರುತ್ತದೆ. ಕೊನೆಗೆ ಸಿಗುವುದು ಚಿಟ್ಟೆ ಹಾರಿಹೋದ ಖಾಲಿ ಹೂವು. ಎರಡು ಸಲ ಮಾರಿಬಿಡೋಣ ಅಂದುಕೊಂಡೆ.

ಮಾರಲಿಲ್ಲ. ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಮೈ ಬೆಚ್ಚಗಾಗುವ ತನಕ ಚಿಟ್ಟೆ ಹಾರಲಾರದು, ಅಲ್ವಾ, ಹಾಗೇ ಒಂದು ಹೂವಿನ ಮೇಲೆ ರೆಕ್ಕೆ ಮಡಚಿ ಕೂತಿತ್ತು. ಗಾಳಿಗೆ ಹೂವು ತೂಗುತ್ತಿದೆ ಅಂತ ಅದರ ದಂಟನ್ನು ಎಡಗೈಯ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದೆ. ಲೆನ್ಸಿಗೆ ಜಾಗ ಸಾಲದೆ ಅದೇ ಕೈಯ ಮಣಿಕಟ್ಟಿನ ಮೇಲೆ ಕೂರಿಸಿದೆ. ಲೆನ್ಸಿನ ಮುಂದೆ ಸಿಕ್ಕಿಸುವ ಹುಡ್ (ಬೆಳಕು ತಡೆಯುವ ಕೊಳವೆ) ತೆಗೆದರೆ ಲೆನ್ಸಿನ ತುದಿಗೂ ಚಿಟ್ಟೆಗೂ ಬೇಕಾದ ಅಂತರ ಸುಮಾರು ಒಂದು ಗೇಣಿಗೂ ಕಡಿಮೆ. ನನ್ನ ಬೆರಳಿನಿಂದ ಮಣಿಕಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ಉದ್ದ! ಈಗ ನಾನು ನಡುಗಿದರೆ ಹೂವೂ ನನ್ನ ಜೊತೆಗೇ ನಡುಗುತ್ತದೆ.

ಅವತ್ತಿನಿಂದ ಇದೇ ಅಭ್ಯಾಸ. ಆಟೋಫೋಕಸ್ ಆಫ್. ಫೋಕಸ್ ರಿಂಗನ್ನು ಮೊದಲೇ ಬೇಕಾದ ಅಳತೆಗೆ ತಿರುಗಿಸಿ ಬಿಡುವುದು. ಒಂದು ಮಂಡಿ ನೆಲಕ್ಕೆ, ಮೊಣಕೈ ಇನ್ನೊಂದು ಮಂಡಿ ಮೇಲೆ. ನೆರಳು ಚಿಟ್ಟೆ ಮೇಲೆ ಬೀಳದ ಕಡೆಯಿಂದ ಹೋಗುವುದು. ಸೆನ್ಸರ್ ರೆಕ್ಕೆಗೆ ಸಮಾನಾಂತರ ಇದ್ದರೆ ಆ ಒಂದು ಮಿಲಿಮೀಟರಲ್ಲೇ ಪೂರ್ತಿ ರೆಕ್ಕೆ ಸಿಕ್ಕಿಬಿಡುತ್ತದೆ. ಮಣಿಕಟ್ಟನ್ನು ಕೂದಲೆಳೆಯಷ್ಟು ಮಡಿಸುತ್ತಾ ಹೋಗಿ, ಕಣ್ಣು ಚೂಪಾದ ಕ್ಷಣಕ್ಕೆ ಕ್ಲಿಕ್. ಎಫ್ 11, ಮೆತ್ತನೆ ಬೆಳಕಿಗೆ ಮುಂದೆ ಬಿಳಿ ಪರದೆ ಕಟ್ಟಿದ ಸಣ್ಣ ಫ್ಲಾಶ್. ಫ್ಲಾಶ್ ಹೊಳೆಯುವ ಹೊತ್ತು ಶಟರಿಗಿಂತ ತೀರಾ ಚಿಕ್ಕದು, ಉಳಿದ ನಡುಕವನ್ನು ಅದೇ ನುಂಗುತ್ತದೆ. ಕಿಂಡಿ ಇನ್ನೂ ಕಿರಿದು ಮಾಡಿ ಎಫ್ 22ಕ್ಕೆ ಹೋಗಬೇಡಿ, ಪದರ ದಪ್ಪವಾದರೂ ಚಿತ್ರವೆಲ್ಲ ತುಸು ಮಸುಕಾಗುತ್ತದೆ.

ಗಾಜಿನ ಬಗ್ಗೆ ಮಾತ್ರ ದೂರಿಲ್ಲ. ರೆಕ್ಕೆಯ ಹುರುಪೆಗಳು ಹೆಂಚು ಹೊದಿಸಿದ ಹಾಗೆ ಸಾಲುಸಾಲಾಗಿ ಕಾಣುತ್ತವೆ. ಸುರುಳಿ ಸುತ್ತಿದ ಸೊಂಡಿಲಿನ ತುದಿಗೆ ಅಂಟಿದ ಪರಾಗದ ಕಾಳನ್ನೂ ಎಣಿಸಬಹುದು.

ಮುಖದ ಫೋಟೋ, ದೂರದ ಹೂವು ಎಲ್ಲ ತೆಗೆಯುವವರು ಇದನ್ನು ಧಾರಾಳವಾಗಿ ಕೊಳ್ಳಿ. ಬರೀ ಚಿಟ್ಟೆಗೆ ಅಂತಾದರೆ ಹಳೇ ಮಾದರಿ ಸಾಕು, ಉಳಿದ ದುಡ್ಡಲ್ಲಿ ಫ್ಲಾಶ್ ತಗೊಳ್ಳಿ. ನನ್ನ ಲೆನ್ಸಿನ ನಡುಕ ತಡೆಯುವ ಸ್ವಿಚ್ ಆಫ್ ಆಗಿ ಒಂದೂವರೆ ವರ್ಷವಾಯಿತು. ಅದರ ಸಂದಿಯಲ್ಲಿ ಹಳದಿ ಪರಾಗ ಕೂತಿದೆ. ಒರೆಸಿಲ್ಲ.