ಹಳೇ ಮನೆಯ ಸ್ಯಾಶ್ ಕಿಟಕಿ: ಕೆಲಸ ಚೆನ್ನಾಗಿದೆ, ಆದರೆ ಎರಡನೇ ಸಲ ಕರೆಸಬೇಕಾಯಿತು

ಈ ಕಿಟಕಿ ರಿಪೇರಿ ಕಂಪನಿಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಹೋಯಿತು ಅಂತ ಕೆಳಗೆ ಹೇಳುತ್ತೇನೆ.

ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ ನಮ್ಮದು ವಿಕ್ಟೋರಿಯನ್ ಕಾಲದ ಸಾಲುಮನೆ. ಮುಂದಿನ ಮಲಗುವ ಕೋಣೆಯದ್ದು ಸ್ಯಾಶ್ ಕಿಟಕಿ, ಅಂದರೆ ಎರಡು ಕದ ಮೇಲೆ ಕೆಳಗೆ ಜಾರುವ ಥರದ್ದು. ಅದರಲ್ಲಿ ಕೆಳಗಿನ ಕದಕ್ಕೆ ಲಡ್ಡು ಹಿಡಿದಿತ್ತು, ಉಗುರು ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕ್ ಥರ ಒಳಗೆ ಹೋಗುತ್ತಿತ್ತು. ಮೇಲಿನ ಕದ ಬಣ್ಣಕ್ಕೆ ಅಂಟಿಕೊಂಡು ಕೂತುಬಿಟ್ಟಿತ್ತು. ಮೊದಲು ಬಂದ ಬೇರೆ ಕಂಪನಿಯವರು ಐದು ನಿಮಿಷ ನೋಡಿ, ಎಲ್ಲ ಕಿತ್ತು ಪ್ಲಾಸ್ಟಿಕ್ ಹಾಕಿಸಿ ಅಂದರು. ಆಮೇಲೆ ಬಂದ ಈ ಕಂಪನಿಯ ಬಡಗಿ ಜೇಬಿನಿಂದ ಚಾಕು ತೆಗೆದು ಚೌಕಟ್ಟಿಗೆ ಅಲ್ಲಲ್ಲಿ ಚುಚ್ಚಿ ನೋಡಿ, ಇದು ಗಟ್ಟಿ ಇದೆ, ಎರಡು ಕದ ಮತ್ತು ಕೆಳಗಿನ ಸಿಲ್ (ಚೌಕಟ್ಟಿನ ತಳದ ಅಡ್ಡಪಟ್ಟಿ) ಹೊಸದು ಹಾಕಿದರೆ ಸಾಕು ಅಂದರು. ಆಗಿನ ಪೈನ್ ನಿಧಾನಕ್ಕೆ ಬೆಳೆದ ಮರ, ಎಳೆ ಒತ್ತಾಗಿರುತ್ತದೆ, ಸುಮ್ನೆ ಯಾಕೆ ಎಸೀತೀರಿ ಅಂತ. ಅಲ್ಲೇ ನಾನು ಒಪ್ಪಿಕೊಂಡೆ.

ಈ ಕಿಟಕಿ ಕೆಲಸ ಮಾಡುವ ರೀತಿ ಮಜವಾಗಿದೆ. ಚೌಕಟ್ಟಿನ ಎರಡೂ ಪಕ್ಕ ಟೊಳ್ಳು ಪೆಟ್ಟಿಗೆ. ಅದರೊಳಗೆ ಕದದ ಭಾರಕ್ಕೆ ಸರಿದೂಗುವ ಉದ್ದನೆಯ ಕಬ್ಬಿಣದ ಗುಂಡುಗಳು ನೇತಾಡುತ್ತವೆ, ಹಗ್ಗ ರಾಟೆಯ ಮೇಲೆ ಹಾದು ಕದಕ್ಕೆ ಬರುತ್ತದೆ. ಕದ ಮೇಲೆ ಹೋದರೆ ಗುಂಡು ಕೆಳಗೆ. ಊರಲ್ಲಿರುವ ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. "ಇದೇನೋ, ಬಾವಿ ರಾಟೆನ ಗೋಡೆಯೊಳಗೆ ಬಚ್ಚಿಟ್ಟಿದ್ದಾರೆ!" ಅಂದರು.

ಕೆಲಸ ಎರಡು ದಿನ. ಅಳತೆ ತಗೊಂಡು ಹೋದಮೇಲೆ ಕಾದಿದ್ದು ಏಳು ವಾರ, ಅದು ಬೇರೆ ಮಾತು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ ಅಂತ ಮಗಳನ್ನು ಆಚೆ ಕಳಿಸೋಕೆ ಹೇಳಿ, ಮಾಸ್ಕ್ ಹಾಕಿಕೊಂಡು, ನೆಲಕ್ಕೆ ಶೀಟ್ ಹಾಸಿಯೇ ಶುರು ಮಾಡಿದರು. ಪೆಟ್ಟಿಗೆಯ ಪುಟ್ಟ ಮುಚ್ಚಳ ತೆಗೆದಾಗ ಒಳಗಿಂದ ಒಂದು ಬೊಗಸೆ ಕಪ್ಪು ಮಸಿ ಬಿತ್ತು. ಹಗ್ಗ ಹರಿದ ಒಂದು ಗುಂಡು ತಳದಲ್ಲಿ ಮಲಗಿತ್ತು. ರಾಟೆಯ ಮೇಲಿನ ಬಣ್ಣ ಕೆರೆದರೆ ಹಿತ್ತಾಳೆ! ಅದನ್ನೇ ತೊಳೆದು, ಎಣ್ಣೆ ಬಿಟ್ಟು, ವಾಪಸ್ ಕೂರಿಸಿದರು.

ಈಗ ತಕರಾರು. ನಾವು ಡಬಲ್ ಗಾಜು ಕೇಳಿದ್ದೆವು. ಒಂದು ಚದರ ಮೀಟರ್ ಗಾಜು 1 ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಹಳೇದು 3 ಮಿ.ಮೀ. ಇತ್ತು, ಹೊಸದರಲ್ಲಿ 4 ಮಿ.ಮೀ.ನ ಎರಡು ಗಾಜು, ಲೆಕ್ಕ ಹಾಕಿ, ಹತ್ತಿರ ಹತ್ತಿರ ಮೂರು ಪಟ್ಟು. ಹಳೇ ಗುಂಡು ಸಾಲುವುದಿಲ್ಲ, ಅದನ್ನೇ ಉದ್ದ ಮಾಡೋಣ ಅಂದರೆ ಪೆಟ್ಟಿಗೆಯಲ್ಲಿ ಓಡಾಡೋಕೆ ಜಾಗ ಇಲ್ಲ. ಅದಕ್ಕೆ ಸೀಸದ ಗುಂಡು ಹಾಕಿದರು, ಅಷ್ಟೇ ಗಾತ್ರದಲ್ಲಿ ಕಬ್ಬಿಣದ ಸುಮಾರು ಒಂದೂವರೆ ಪಟ್ಟು ಭಾರ. ಸರಿಯೇ. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಮೇಲಿನ ಕದ ತಾನಾಗಿಯೇ ಎರಡು ಬೆರಳು ಕೆಳಗೆ ಜಾರಿತ್ತು, ಜನವರಿ ಗಾಳಿ ನೆತ್ತಿಗೇ ಹೊಡೆಯುತ್ತಿತ್ತು. ಮೇಲಿನ ಕದಕ್ಕೆ ಗುಂಡು ಕದಕ್ಕಿಂತ ಸ್ವಲ್ಪ ಭಾರ ಇರಬೇಕು, ಕೆಳಗಿನದಕ್ಕೆ ಸ್ವಲ್ಪ ಹಗುರ. ಹಾಗಿದ್ದರೆ ಎರಡೂ ತಮ್ಮ ಜಾಗದಲ್ಲೇ ಕೂರುತ್ತವೆ. ನಮ್ಮಲ್ಲಿ ಎರಡಕ್ಕೂ ಒಂದೇ ತೂಕ ಹಾಕಿಬಿಟ್ಟಿದ್ದರು. ಇಷ್ಟು ವರ್ಷ ಇದೇ ಕೆಲಸ ಮಾಡುವವರು ಇದನ್ನು ಮರೆಯೋದಾ? ಫೋನ್ ಮಾಡಿದ ಮೂರನೇ ದಿನ ಬಂದು, ಸೀಸದ ತುಂಡು ಸೇರಿಸಿ, ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ದುಡ್ಡು ಕೇಳಲಿಲ್ಲ.

ಒಟ್ಟು 1,450 ಪೌಂಡ್ ಆಯಿತು, ಕೊನೇ ಕೋಟ್ ಬಣ್ಣ ನಮ್ಮದೇ. ಬಣ್ಣ ಬಳಿಯುವಾಗ ಹಗ್ಗಕ್ಕೆ ತಾಗಿಸಬೇಡಿ, ಒಣಗಿ ಬಿರುಸಾಗಿ ಬೇಗ ಹರಿಯುತ್ತದೆ. ಅಂಚಿನ ಸಂದಿ ಮುಚ್ಚೋಕೆ ಬ್ರಷ್ ಥರ ಕೂದಲಿರುವ ಪಟ್ಟಿ ಕೂರಿಸಿದ್ದಾರೆ, ಗಡಗಡ ಸದ್ದು ನಿಂತಿದೆ, ಬಸ್ ಸದ್ದೂ ಕಮ್ಮಿ. ಈಗ ಮಗಳು ಒಂದೇ ಕೈಯಲ್ಲಿ ಕಿಟಕಿ ಎತ್ತುತ್ತಾಳೆ.

ಹಿಂದಿನ ಕೋಣೆಯದ್ದನ್ನೂ ಇವರಿಗೇ ಕೊಟ್ಟಿದ್ದೇವೆ. ಈ ಸಲ ಕದ, ಗುಂಡು ಎರಡನ್ನೂ ನನ್ನ ಎದುರಿಗೇ ತಕ್ಕಡಿಗೆ ಹಾಕಿ ಅಂತ ಹೇಳಿದ್ದೇನೆ.