ಮೆಗಾ ಡ್ರೈವ್‌ನ ಓಟ, ಸೂಪರ್ ನಿಂಟೆಂಡೊದ ಬಣ್ಣ

ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ ಸೆಗಾ ಮೆಗಾ ಡ್ರೈವ್ (1988) ಒಳಗಿನ ಮೋಟೊರೋಲಾ 68000 ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದರ ಪ್ರತಿಸ್ಪರ್ಧಿ, 1990ರ ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58, ಕಾರ್ಟ್ರಿಜ್‌ನಲ್ಲಿ ನಿಧಾನಗತಿಯ ರೋಮ್ (ಆಟ ಇರುವ ಮೆಮೊರಿ ಚಿಪ್) ಇದ್ದರೆ 2.68. ಹಾಗೆಂದು ವ್ಯತ್ಯಾಸ ಎರಡು ಪಟ್ಟೇನಲ್ಲ, ನಿಂಟೆಂಡೊ ಪ್ರೊಸೆಸರ್‌ಗೆ ಒಂದು ಆದೇಶ ಮುಗಿಸಲು ಕಡಿಮೆ ಸುತ್ತು ಸಾಕು. ಆದರೆ ಅದರ ಡೇಟಾ ಬಸ್ (ಮಾಹಿತಿ ಓಡಾಡುವ ದಾರಿ) 8 ಬಿಟ್, ಸೆಗಾದ್ದು 16. ಪರದೆ ತುಂಬ ಗುಂಡು ಹಾರುವಾಗ ಇದು ಕಣ್ಣಿಗೇ ಕಾಣುತ್ತದೆ: ಸೂಪರ್ ನಿಂಟೆಂಡೊದಲ್ಲಿ ಗ್ರೇಡಿಯಸ್ 3 ಎಂಬ ಗುಂಡಿನ ಆಟ ತೆವಳಿಬಿಡುತ್ತದೆ.

ಬಣ್ಣದಲ್ಲಿ ಮಾತೇ ಬೇಡ. ನಿಂಟೆಂಡೊ 32,768 ಬಣ್ಣಗಳಿಂದ 256 ಆರಿಸಿಕೊಳ್ಳುತ್ತದೆ, ಸೆಗಾ 512ರಿಂದ ಅರವತ್ತು ಚಿಲ್ಲರೆ. ನಿಂಟೆಂಡೊಗೆ ನಿಜವಾದ ಪಾರದರ್ಶಕತೆ ಗೊತ್ತು. ಸೆಗಾದಲ್ಲಿ ಚುಕ್ಕಿ ಬಿಟ್ಟು ಚುಕ್ಕಿ ಇಟ್ಟು ಜಲಪಾತ ಬರೆಯುತ್ತಾರೆ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಾಂಪೊಸಿಟ್ ಕೇಬಲ್‌ನಲ್ಲಿ ಅದು ಕಲಸಿ ನೀರಿನಂತೆ ಕಾಣುತ್ತದೆ, ಬಣ್ಣಗಳನ್ನು ಬೇರೆಬೇರೆ ತಂತಿಯಲ್ಲಿ ಒಯ್ಯುವ ಆರ್‌ಜಿಬಿ ಹಾಕಿದರೆ ಬರೀ ಗೆರೆ. ಸಾಮಾನ್ಯವಾಗಿ ಸೆಗಾ ಚಿತ್ರದ ಅಗಲ 320 ಚುಕ್ಕಿ, ನಿಂಟೆಂಡೊದ್ದು 256.

ಧ್ವನಿಯಲ್ಲಿ ನನ್ನ ಒಲವು ಸೆಗಾ ಕಡೆಗೆ. ವೈಎಂ2612 ಚಿಪ್‌ನ ತರಂಗ ಬೆರೆಸಿ ಧ್ವನಿ ಹುಟ್ಟಿಸುವ ಆರು ಎಫ್‌ಎಂ ಚಾನೆಲ್‌ಗಳ ಬಾಸ್ ಎದೆಗೆ ತಟ್ಟುತ್ತದೆ. ಮನುಷ್ಯರ ದನಿ ಮಾತ್ರ ಗರಗರ, ಏಕೆಂದರೆ ಅದಕ್ಕಿರುವುದು ಒಂದೇ ಚಾನೆಲ್; ಝಡ್80 ಎಂಬ ಸಹಾಯಕ ಪ್ರೊಸೆಸರ್ ಒಂದೊಂದೇ ತುಣುಕು ಉಣಿಸುತ್ತಿರಬೇಕು. ನಿಂಟೆಂಡೊದಲ್ಲಿ ಎಂಟು ಚಾನೆಲ್‌ಗೂ ನಿಜವಾದ ವಾದ್ಯದ ಧ್ವನಿ ಸಿಗುತ್ತದೆ. ಆದರೆ ಎಲ್ಲವೂ 64 ಕಿಲೋಬೈಟ್‌ನಲ್ಲಿ ಹಿಡಿಯಬೇಕಾದ್ದರಿಂದ ಕಂಬಳಿ ಹೊದಿಸಿದಂತೆ ಮಂಕು. ಒಂದು ಎಚ್ಚರಿಕೆ: ಮೆಗಾ ಡ್ರೈವ್ ಮೊದಲ ಮಾದರಿಯ ಹಿಂಬದಿ ಸಾಕೆಟ್‌ನಲ್ಲಿ ಬರುವುದು ಮೋನೊ. ಸ್ಟೀರಿಯೊ ಬೇಕಾದರೆ ಮುಂದಿನ ಹೆಡ್‌ಫೋನ್ ಸಾಕೆಟ್‌ನಿಂದ 3.5 ಮಿಲಿಮೀಟರ್ ತಂತಿ ಎಳೆಯಿರಿ.

ಅಡಾಪ್ಟರ್‌ನಲ್ಲೇ ಹೆಚ್ಚು ಜನ ಎಡವುವುದು. ಮೆಗಾ ಡ್ರೈವ್ ಮೊದಲ ಮಾದರಿಗೆ 9 ವೋಲ್ಟ್, 1.2 ಆಂಪ್; ಸೂಪರ್ ನಿಂಟೆಂಡೊದ ಜಪಾನಿ ರೂಪವಾದ ಸೂಪರ್ ಫ್ಯಾಮಿಕಾಂಗೆ 10 ವೋಲ್ಟ್, 850 ಮಿಲಿಆಂಪ್. ಎರಡಕ್ಕೂ ಪ್ಲಗ್‌ನ ನಡುವೆ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಿಗೆ ನಡುವೆ ಪ್ಲಸ್. ತಿರುವುಮುರುವಾದರೆ ಸೂಪರ್ ಫ್ಯಾಮಿಕಾಂ ಒಳಗಿನ ಫ್ಯೂಸ್ ಹೋಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡದೆ ಚುಚ್ಚಬೇಡಿ.

ರಿಪೇರಿ ಲೆಕ್ಕದಲ್ಲಿ ಸೆಗಾ ಕೊಳ್ಳುವುದೇ ಲೇಸು. ಮೊದಲ ಮಾದರಿಯನ್ನು ಸಾಮಾನ್ಯ ಸ್ಕ್ರೂಡ್ರೈವರ್‌ನಿಂದ ಬಿಚ್ಚಬಹುದು. ಒಳಗಿನ ವೋಲ್ಟೇಜ್ ಹಿಡಿದಿಡುವ ಎರಡು 7805 ರೆಗ್ಯುಲೇಟರ್ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತವೆ. ನಿಂಟೆಂಡೊ ಬಿಚ್ಚಲು ವಿಶೇಷ ಸ್ಕ್ರೂಗೆಂದೇ ಇರುವ 4.5 ಮಿಲಿಮೀಟರ್ ಗೇಮ್‌ಬಿಟ್ ಬೇಕು. ಅದರ ಸಿಪಿಯು, ಚಿತ್ರದ ಪಿಪಿಯು ಚಿಪ್‌ಗಳು ಕೆಡುವುದು ಹೆಚ್ಚು. ಕೆಟ್ಟರೆ ಇನ್ನೊಂದು ಯಂತ್ರವನ್ನು ಬಲಿಕೊಟ್ಟು ತೆಗೆಯಬೇಕು. ಹಳೆಯದನ್ನು ಕೊಳ್ಳುವ ಮುನ್ನ ಅರ್ಧ ಗಂಟೆ ಆಡಿಸಿ, ಎಫ್-ಝೀರೋದಂಥ ಮೋಡ್ 7 (ನೆಲದ ಚಿತ್ರವನ್ನು ತಿರುಗಿಸಿ ಹಿಗ್ಗಿಸುವ ವಿಧಾನ) ಆಟವನ್ನೂ ಹಾಕಿ. ನೆಲದ ಚಿತ್ರದಲ್ಲಿ ಗೆರೆ, ಚೂರು ಕಂಡರೆ ಬಿಟ್ಟುಬಿಡಿ.