ಪರ್ಫ್ ಲಾಕ್ ಕಂಟೆನ್ಶನ್: ಎರಡು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಒಂದು ಹಳೇ ಸರ್ವರ್ ಇದೆ. ಎರಡು ಸಾಕೆಟ್ (ಅಂದರೆ ಎರಡು ಪ್ರೊಸೆಸರ್ ಚಿಪ್), ಫ್ಯಾನ್ ಸದ್ದು ಹಿಟ್ಟಿನ ಗಿರಣಿಯದು. ಲಿನಕ್ಸ್ ಕರ್ನಲ್‌ನಲ್ಲಿ ಯಾವ ಲಾಕ್‌ಗೆ (ಒಂದೇ ಡೇಟಾಗೆ ಎಲ್ಲರೂ ಒಮ್ಮೆಲೇ ಕೈ ಹಾಕದಂತೆ ತಡೆಯುವ ಬೀಗ) ಥ್ರೆಡ್‌ಗಳು, ಅಂದರೆ ಜೊತೆಜೊತೆಗೆ ಓಡುವ ಕೆಲಸಗಳು, ಎಷ್ಟು ಕಾಯುತ್ತವೆ ಎಂದು ಅದರ ಮೇಲೆ ಅಳೆಯುತ್ತೇನೆ. ಅದಕ್ಕೆ ಬಳಸುವುದು ಪರ್ಫ್ ಲಾಕ್ ಕಂಟೆನ್ಶನ್, ಲಿನಕ್ಸ್‌ನ ಪರ್ಫ್ ಎಂಬ ಅಳತೆ ಟೂಲಿನ ಒಂದು ಕಮಾಂಡ್.

ಮೊದಲು ಕರ್ನಲ್ಲೇ ಲಾಕ್ ಲೆಕ್ಕ ಇಡುವ ಲಾಕ್‌ಸ್ಟ್ಯಾಟ್ ಬಳಸುತ್ತಿದ್ದೆ. ಅದಕ್ಕೆ ಕರ್ನಲ್ಲನ್ನೇ ಮತ್ತೆ ಕಟ್ಟಬೇಕು. ಜೊತೆಗೆ ಲಾಕ್ ಬಳಕೆಯ ತಪ್ಪು ಹಿಡಿಯುವ ಲಾಕ್‌ಡೆಪ್ ಬರುತ್ತದೆ, ಪ್ರತಿ ಲಾಕ್ ದಪ್ಪವಾಗುತ್ತದೆ, ಎಲ್ಲವೂ ನಿಧಾನ. ಅಳೆಯೋಕೆ ಹೋಗಿ ಅಳೆಯಬೇಕಾದ್ದನ್ನೇ ಕೆಡಿಸಿದ ಹಾಗೆ, ಅಲ್ವಾ? 2022ರಲ್ಲಿ ಬಂದ ಪರ್ಫ್ ಲಾಕ್ ಕಂಟೆನ್ಶನ್‌ಗೆ ಈ ರಗಳೆ ಇಲ್ಲ. ಮಾಮೂಲಿ ಕರ್ನಲ್ ಮೇಲೆಯೇ ಓಡುತ್ತದೆ. ಲಾಕ್ ಸಿಗದೆ ಕಾಯಬೇಕಾದಾಗ ಮಾತ್ರ ಎಚ್ಚರವಾಗುತ್ತದೆ. ಎಷ್ಟು ಸಲ ಕಾದರು, ಒಟ್ಟು ಎಷ್ಟು ಹೊತ್ತು, ಯಾವ ಫಂಕ್ಷನ್‌ನಲ್ಲಿ ನಿಂತಿದ್ದರು ಎಂದು ಚೊಕ್ಕಟವಾಗಿ ಪಟ್ಟಿ ಕೊಡುತ್ತದೆ. ಬಿಪಿಎಫ್ (ಕರ್ನಲ್ ಒಳಗೇ ಸಣ್ಣ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಆಯ್ಕೆ ಹಾಕಿದರೆ ದೊಡ್ಡ ಡೇಟಾ ಫೈಲ್ ಕೂಡ ಬೇಡ. ನನ್ನ ಡಿಸ್ಟ್ರೊ ಕೊಟ್ಟ ಪರ್ಫ್‌ನಲ್ಲಿ ಆ ಆಯ್ಕೆಯೇ ಇರಲಿಲ್ಲ. ಸೋರ್ಸಿನಿಂದ ಕಟ್ಟಿಕೊಳ್ಳುವಷ್ಟರಲ್ಲಿ ಒಂದು ಭಾನುವಾರ ಹೋಯಿತು.

ನನ್ನನ್ನು ಏಮಾರಿಸಿದ್ದು ಬೇರೆಯೇ. ಒಂದು ಸಣ್ಣ ಟೆಸ್ಟ್ ಮಾಡ್ಯೂಲ್ ಬರೆದೆ. ಒಂದೇ ರೀಡ್-ರೈಟ್ ಸೆಮಫೋರ್ (ಓದುವವರು ಎಷ್ಟು ಜನರಾದರೂ ಒಟ್ಟಿಗೆ, ಬರೆಯುವವನು ಒಬ್ಬನೇ ಹಿಡಿಯುವ ಲಾಕ್), ಎಲ್ಲ ಥ್ರೆಡ್‌ಗಳೂ ಬರೀ ಓದೋಕೆ ಹಿಡಿಯುವಂಥವು, ಬರೆಯುವವರು ಯಾರೂ ಇಲ್ಲ. ಕೋರ್ ಹೆಚ್ಚಿಸಿದಷ್ಟೂ ಸೆಕೆಂಡಿಗೆ ಮುಗಿಯುವ ಕೆಲಸ ಕಡಿಮೆಯಾಯಿತು. ಪರ್ಫ್ ಪಟ್ಟಿಯಲ್ಲಿ ಮಾತ್ರ ಆ ಲಾಕ್ ಸುದ್ದಿಯೇ ಇಲ್ಲ. ಟೂಲ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಸುಮ್ನೆ ಹಾಳು ಮಾಡಿದೆ.

ಟೂಲ್ ಸರಿಯಾಗಿಯೇ ಇತ್ತು. ನಿಜಕ್ಕೂ ಯಾರೂ ಕಾದಿರಲಿಲ್ಲ. ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಜಾಗಕ್ಕೇನು ಕೊರತೆ? ಆದರೆ ಹತ್ತುವವರೆಲ್ಲ ಒಂದೇ ರಿಜಿಸ್ಟರಿಗೆ ಸಹಿ ಹಾಕಬೇಕು ಅಂದರೆ, ಪುಸ್ತಕ ಆ ತುದಿಯಿಂದ ಈ ತುದಿಗೆ ಓಡಾಡಬೇಕಲ್ಲ. ಓದುವವರ ಎಣಿಕೆ ಇರುವ 64 ಬೈಟ್‌ನ ಕ್ಯಾಷ್ ಲೈನ್ (ಕೋರ್‌ಗಳು ಮೆಮೊರಿಯನ್ನು ತಮ್ಮೊಳಗೆ ತಂದಿಟ್ಟುಕೊಳ್ಳುವ ಚಿಕ್ಕ ತುಂಡು) ಹಾಗೆಯೇ ಕೋರ್‌ನಿಂದ ಕೋರ್‌ಗೆ, ಸಾಕೆಟ್‌ನಿಂದ ಸಾಕೆಟ್‌ಗೆ ಓಡುತ್ತಿತ್ತು. ಕ್ಯಾಷ್ ಲೈನ್ ಓಡಾಟ ತೋರಿಸುವ ಪರ್ಫ್ ಸಿ2ಸಿ ಹಾಕಿದ ಮೇಲೆ ಕಳ್ಳ ಸಿಕ್ಕ. ಈಗ ಕಂಟೆನ್ಶನ್ ಪಟ್ಟಿ ಖಾಲಿ ಬಂದರೆ ನನಗೆ ಅನುಮಾನವೇ ಜಾಸ್ತಿ.

ಇನ್ನೊಂದು ಕೊರತೆ. ಪಟ್ಟಿಯಲ್ಲಿ ಕಾಣುವುದು ಕಾದವನ ವಿಳಾಸ, ಹಿಡಿದು ಕೂತವನದಲ್ಲ. ಲಾಕ್ ಮಾಲೀಕನನ್ನು ತೋರಿಸುವ ಆಯ್ಕೆ ಆಮೇಲೆ ಬಂತು, ಮ್ಯೂಟೆಕ್ಸ್ (ಕಾಯುವವನು ಮಲಗಬಹುದಾದ ಲಾಕ್) ವಿಷಯದಲ್ಲಿ ಚೊಲೋ ಕೆಲಸ ಮಾಡುತ್ತದೆ. ಸ್ಪಿನ್‌ಲಾಕ್ (ಕಾಯುವವನು ಮಲಗದೆ ಸುತ್ತುತ್ತಲೇ ಇರುವ ಲಾಕ್) ತನ್ನೊಳಗೆ ಮಾಲೀಕನ ಗುರುತನ್ನೇ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಅಲ್ಲಿ ಕೈ ಚೆಲ್ಲುತ್ತದೆ.

ಅಳೆಯುವವರಿಗೆ ಒಂದು ಮಾತು. ಏಪ್ರಿಲ್ ಮಧ್ಯಾಹ್ನ ನನ್ನ ಕೋಣೆಯಲ್ಲಿ ಬಂದ ಅಂಕಿ ಬೆಳಗ್ಗೆಯ ಅಂಕಿಗೆ ಹೊಂದುತ್ತಲೇ ಇರಲಿಲ್ಲ. ಸಿಪಿಯು ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತಿತ್ತು. ಈಗ ಸಿಪಿಯು ವೇಗವನ್ನು ತಾನಾಗಿ ಏರಿಸುವ ಟರ್ಬೊ ಬಂದ್ ಮಾಡಿ, ವೇಗ ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಟ್ಟು, ಥ್ರೆಡ್‌ಗಳನ್ನು ಕೋರ್‌ಗೆ ಕಟ್ಟಿ, ಬೆಳಗ್ಗೆ ಐದಕ್ಕೇ ಓಡಿಸುತ್ತೇನೆ. ಮನೆಯವರ ಬೈಗುಳ ಬೇರೆ.

ಐದಕ್ಕೆ ನಾಲ್ಕು ಸ್ಟಾರ್. ಸ್ಪಿನ್‌ಲಾಕ್ ಹಿಡಿದವನ ಹೆಸರು ಹೇಳಿದ ದಿನ ಐದನೆಯದು.